ಡ್ರಿಲ್ ತಪ್ಪಿಸಿದ್ದಕ್ಕೆ ಹಿಂಬಡ್ತಿ ಮತ್ತು ಬಿಡುಗಡೆ: ಅಮೆರಿಕದ ಮೀಸಲು ಸೈನಿಕರು ಮೇಲ್ಮನವಿ ಸಲ್ಲಿಸುವ ಬಗೆ

ಅಮೆರಿಕದ ಆರ್ಮಿ ರಿಸರ್ವ್‌ನ ಸೈನಿಕರು ತಿಂಗಳ ಬಹುಪಾಲು ದಿನಗಳಲ್ಲಿ ಎಲ್ಲರಂತೆ ನೌಕರಿ, ಓದು, ಸಂಸಾರ ನೋಡಿಕೊಂಡಿದ್ದು, ಒಂದು ವಾರಾಂತ್ಯ ಮಾತ್ರ ಸಮವಸ್ತ್ರ ತೊಟ್ಟು ತಮ್ಮ ತುಕಡಿಯ ಡ್ರಿಲ್‌ಗೆ ಹಾಜರಾಗುತ್ತಾರೆ. ಗ್ರೀನ್ ಕಾರ್ಡ್ ಪಡೆದು ಈ ಪಡೆ ಸೇರಿದ ಭಾರತೀಯರಿದ್ದಾರೆ. 2009ರಿಂದ 2016ರವರೆಗೆ ಮಾವ್ನಿ ಯೋಜನೆಯಡಿ ಹಿಂದಿ, ತಮಿಳಿನಂತಹ ಭಾಷೆಗಳನ್ನು ಬಲ್ಲರೆಂಬ ಕಾರಣಕ್ಕೆ ವೀಸಾದ ಮೇಲಿದ್ದಾಗಲೇ ಸೇರಿದವರೂ ಇದ್ದಾರೆ. ಊರಿನಲ್ಲಿ ತಂದೆಗೆ ಹೃದಯಾಘಾತವಾಯಿತೆಂದು ಹಾಸನಕ್ಕೋ ಹುಬ್ಬಳ್ಳಿಗೋ ಧಾವಿಸಿ ಎರಡು ಮೂರು ತಿಂಗಳು ಅಲ್ಲಿಯೇ ಉಳಿದು, ಹಿಂದಿರುಗಿದಾಗ ದರ್ಜೆ ಇಳಿಸಿ ಸೇವೆಯಿಂದ ಬಿಡುಗಡೆ ಮಾಡಿದ ಆದೇಶ ಕೈಗೆ ಬಂದರೆ ಏನು ಮಾಡಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಇಲ್ಲಿ ಹೇಳಿರುವುದು ಮುಖ್ಯವಾಗಿ ಆರ್ಮಿ ರಿಸರ್ವ್‌ನ ಸಾಮಾನ್ಯ ಸೈನಿಕರಿಗೆ, ಅಂದರೆ ಎನ್‌ಲಿಸ್ಟೆಡ್ ದರ್ಜೆಯವರಿಗೆ ಅನ್ವಯಿಸುತ್ತದೆ. ಅಧಿಕಾರಿಗಳಿಗೆ ಬೇರೆಯ ನಿಯಮಾವಳಿಯಿದೆ. ನೌಕಾಪಡೆ, ವಾಯುಪಡೆ ಮತ್ತು ಮರೀನ್ ದಳದ ಮೀಸಲು ಪಡೆಗಳಲ್ಲಿ ಮಂಡಳಿಗಳ ಹೆಸರು ಬೇರೆಯಾದರೂ ಮೇಲ್ಮನವಿಯ ದಾರಿ ಹೆಚ್ಚುಕಡಿಮೆ ಒಂದೇ.

ಇಂತಹ ಪ್ರಕರಣಗಳಲ್ಲಿ ಗೆಲುವು ಸೋಲುಗಳನ್ನು ನಿರ್ಧರಿಸುವುದು ಹೆಚ್ಚಾಗಿ ಕಡತದಲ್ಲಿರುವ ಕಾಗದಗಳು. ಹತ್ತು ಪುಟಗಳ ಅಳಲಿಗಿಂತ, ತುಕಡಿ ಕಳುಹಿಸಲೇಬೇಕಿದ್ದ ಒಂದು ನೋಟಿಸ್ ಕಡತದಲ್ಲಿ ಇಲ್ಲವೆಂದು ತೋರಿಸುವ ಒಂದು ವಾಕ್ಯಕ್ಕೆ ಹೆಚ್ಚು ಬಲವಿದೆ. ಆದ್ದರಿಂದ ಅರ್ಜಿ ಬರೆಯಲು ಕೂರುವ ಮೊದಲು ಕಡತ ತರಿಸಿಕೊಳ್ಳಿ.

ಗೈರುಹಾಜರಿಯ ಲೆಕ್ಕವನ್ನು ನೀವೇ ಮಾಡಿ

ಕಾನೂನಿನ ಪ್ರಕಾರ ಮೀಸಲು ಸೈನಿಕನು ವರ್ಷಕ್ಕೆ ಕನಿಷ್ಠ 48 ಡ್ರಿಲ್‌ಗಳಲ್ಲಿ ಮತ್ತು 14 ದಿನಗಳಿಗೆ ಕಡಿಮೆಯಿಲ್ಲದ ವಾರ್ಷಿಕ ತರಬೇತಿಯಲ್ಲಿ ಭಾಗವಹಿಸಬೇಕು. ಇಲ್ಲಿ ಡ್ರಿಲ್ ಎಂದರೆ ಇಡೀ ವಾರಾಂತ್ಯವಲ್ಲ, ನಾಲ್ಕು ಗಂಟೆಗಳ ಒಂದು ಅವಧಿ. ಶನಿವಾರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಭಾನುವಾರವೂ ಹಾಗೆಯೇ ಎರಡು; ಹೀಗೆ ಒಂದು ಸಾಮಾನ್ಯ ವಾರಾಂತ್ಯದಲ್ಲಿ ನಾಲ್ಕು ಡ್ರಿಲ್‌ಗಳು ಮುಗಿಯುತ್ತವೆ. ಒಂದು ವರ್ಷದ ಅವಧಿಯಲ್ಲಿ ಅನುಮತಿಯಿಲ್ಲದ ಗೈರುಹಾಜರಿ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಆರ್ಮಿಯ 135-91ನೇ ನಿಯಮಾವಳಿಯಂತೆ ಆ ಸೈನಿಕನನ್ನು ತೃಪ್ತಿಕರವಾಗಿ ಭಾಗವಹಿಸದವನು ಎಂದು ಘೋಷಿಸಬಹುದು. ಎರಡು ವಾರಾಂತ್ಯ ಪೂರ್ತಿ ತಪ್ಪಿದರೆ ಎಂಟು. ಮೂರನೆಯ ತಿಂಗಳು ಶನಿವಾರ ಬೆಳಿಗ್ಗೆ ಒಂದು ಅವಧಿ ತಪ್ಪಿದರೂ ಒಂಬತ್ತು ತುಂಬುತ್ತದೆ. ಎರಡೇ ತಿಂಗಳು ತಪ್ಪಿಸಿದೆ ಎಂದುಕೊಂಡವರು ಇಷ್ಟು ಬೇಗ ಈ ಸ್ಥಿತಿಗೆ ಬರುವುದು ಈ ಲೆಕ್ಕದಿಂದಾಗಿ.

ಅದೇ ಲೆಕ್ಕ ನಿಮ್ಮ ಪರವಾಗಿಯೂ ತಿರುಗಬಹುದು. ತುಕಡಿಯ ಹಾಜರಿ ದಾಖಲೆಯಾದ ಡಿಎ ಫಾರ್ಮ್ 1379ರ ಪ್ರತಿಗಳನ್ನು ತಿಂಗಳುವಾರು ಹರಡಿಕೊಂಡು, ನಿಮ್ಮ ಹೆಸರಿನ ಎದುರಿರುವ ಪ್ರತಿಯೊಂದು ಗುರುತನ್ನೂ ನಿಮ್ಮ ಬಳಿಯಿರುವ ಸಂದೇಶ, ವೈದ್ಯರ ಚೀಟಿ ಮತ್ತು ವೇತನದ ಚೀಟಿಗಳ ಜೊತೆ ತಾಳೆ ನೋಡಿ. ಮಾರ್ಚ್ ತಿಂಗಳ ಡ್ರಿಲ್‌ಗೆ ಬದಲಾಗಿ ಏಪ್ರಿಲ್‌ನಲ್ಲಿ ಬೇರೆ ದಿನ ಬಂದು ತರಬೇತಿ ಮಾಡಲು ಸಾರ್ಜೆಂಟ್ ಒಪ್ಪಿದ್ದು, ನೀವು ಹಾಗೆಯೇ ಮಾಡಿದ್ದೂ ಹೌದಾದರೆ, ಆದರೆ ಹಾಳೆಯಲ್ಲಿ ಮಾರ್ಚ್‌ನ ನಾಲ್ಕೂ ಅವಧಿಗಳು ಅನುಮತಿಯಿಲ್ಲದ ಗೈರು ಎಂದೇ ಉಳಿದಿದ್ದರೆ, ಆ ನಾಲ್ಕನ್ನು ಕಳೆಯಬೇಕು. ಒಂಬತ್ತರಿಂದ ನಾಲ್ಕು ಕಳೆದರೆ ಐದು, ಮತ್ತು ಐದು ಗೈರುಹಾಜರಿಯ ಮೇಲೆ ಈ ಕಾರಣಕ್ಕಾಗಿ ಯಾರನ್ನೂ ಬಿಡುಗಡೆ ಮಾಡುವಂತಿಲ್ಲ. ನಿವೃತ್ತಿ ಅಂಕಗಳ ವಿವರವಿರುವ ಡಿಎ ಫಾರ್ಮ್ 5016ರಲ್ಲಿ ಆ ತಿಂಗಳಿಗೆ ಅಂಕ ಸೇರಿದ್ದರೆ ಅದು ಹಾಜರಿಯ ಪುರಾವೆಯಾಗುತ್ತದೆ. ಕಾಯಿಲೆ, ಗಾಯ ಅಥವಾ ಸೈನಿಕನ ಕೈಮೀರಿದ ತುರ್ತು ಪರಿಸ್ಥಿತಿಯಿಂದಾದ ಗೈರನ್ನು ಮನ್ನಿಸಲು ನಿಯಮದಲ್ಲಿ ಅವಕಾಶವಿದೆ. ನೌಕರಿಯ ಪಾಳಿ ಅಡ್ಡ ಬಂತು ಎಂಬ ಕಾರಣ ಮಾತ್ರ ದುರ್ಬಲ, ಏಕೆಂದರೆ ಡ್ರಿಲ್‌ಗೆ ಹೋಗುವವರನ್ನು ತಡೆಯದಂತೆ ಉದ್ಯೋಗದಾತರನ್ನು ಕಟ್ಟಿಹಾಕುವ ಯುಸೆರಾ ಕಾಯ್ದೆ 1994ರಿಂದಲೇ ಜಾರಿಯಲ್ಲಿದೆ.

ಎರಡನೆಯದಾಗಿ ನೋಟಿಸ್‌ಗಳನ್ನು ನೋಡಿ. ಗೈರುಹಾಜರಿಗಳು ಕೂಡುತ್ತಾ ಹೋದಂತೆ ತುಕಡಿಯು ಸೈನಿಕನಿಗೆ ಲಿಖಿತ ಸೂಚನೆ ಕೊಡಬೇಕು, ಅದನ್ನು ಕೈಗೆ ಕೊಟ್ಟದ್ದಕ್ಕೆ ಅಥವಾ ಅಂಚೆಯಲ್ಲಿ ಕಳುಹಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಬೇಕು. ಪ್ರತಿ ಪತ್ರದ ದಿನಾಂಕ, ಅದು ಹೋದ ವಿಳಾಸ, ಅಂಚೆಯ ಸ್ವೀಕೃತಿ ಚೀಟಿಯ ಮೇಲಿನ ಸಹಿ, ಇವನ್ನು ಒಂದೊಂದಾಗಿ ಪರೀಕ್ಷಿಸಿ. ಟೆಕ್ಸಾಸ್‌ನಿಂದ ನ್ಯೂಜೆರ್ಸಿಗೆ ಮನೆ ಬದಲಿಸಿದ್ದನ್ನು ನೀವು ತುಕಡಿಗೆ ಇಮೇಲ್ ಮೂಲಕ ತಿಳಿಸಿದ್ದು, ಆ ನಂತರವೂ ಪತ್ರಗಳು ಹಳೆಯ ಮನೆಗೇ ಹೋಗಿದ್ದರೆ, ಆ ಇಮೇಲ್ ನಿಮ್ಮ ಅರ್ಜಿಯ ಅತಿ ಮುಖ್ಯ ಲಗತ್ತು. ಆದರೆ ವಿಳಾಸ ತಿಳಿಸುವ ಹೊಣೆ ಸೈನಿಕನದು. ತಿಳಿಸದೆ ಹೋಗಿದ್ದರೆ, ಅಥವಾ ಬಂದ ಪತ್ರವನ್ನು ಬೇಡವೆಂದು ಹಿಂದಿರುಗಿಸಿದ್ದರೆ, ನೋಟಿಸ್ ತಲುಪಲಿಲ್ಲ ಎಂಬ ವಾದಕ್ಕೆ ಮಂಡಳಿ ಕಿವಿಗೊಡುವುದು ಕಷ್ಟ.

ಆದೇಶ ಇನ್ನೂ ಆಗಿಲ್ಲದಿದ್ದರೆ

ಬಿಡುಗಡೆಯ ಪ್ರಸ್ತಾಪದ ನೋಟಿಸ್ ಮಾತ್ರ ಬಂದಿದ್ದರೆ ನಿಮ್ಮ ಸ್ಥಿತಿ ಬಹಳ ಉತ್ತಮ, ಏಕೆಂದರೆ ಆಗಿಹೋದ ಬಿಡುಗಡೆಯನ್ನು ತಿದ್ದಿಸುವುದಕ್ಕಿಂತ ಆಗಲಿರುವುದನ್ನು ತಡೆಯುವುದು ಎಷ್ಟೋ ಸುಲಭ. ಸಕ್ರಿಯ ಸೇವೆಯಲ್ಲಿಲ್ಲದ ಮೀಸಲು ಸೈನಿಕನಿಗೆ ಉತ್ತರಿಸಲು 30 ದಿನಗಳ ಕಾಲಾವಕಾಶವಿರುತ್ತದೆ. ಆ ಅವಧಿಯಲ್ಲಿ ಉತ್ತರ ಬಾರದಿದ್ದರೆ ಹಕ್ಕುಗಳನ್ನು ಬಿಟ್ಟುಕೊಟ್ಟಂತೆಯೇ ಎಂದು ಪರಿಗಣಿಸಲಾಗುತ್ತದೆ. ನೀವು ಭಾರತದಲ್ಲಿದ್ದು ಪತ್ರ ಅಮೆರಿಕದ ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿದ್ದರೆ, ಅದನ್ನು ತೆರೆದು ಫೋಟೋ ಕಳುಹಿಸಲು ನಂಬಿಕಸ್ಥರೊಬ್ಬರನ್ನು ನೇಮಿಸಿಕೊಳ್ಳಿ.

ಒಟ್ಟು ಸೇವೆ ಆರು ವರ್ಷ ಅಥವಾ ಹೆಚ್ಚಾಗಿದ್ದರೆ, ಇಲ್ಲವೇ ಅದರ್ ದ್ಯಾನ್ ಹಾನರಬಲ್ ಎಂಬ ಕೆಟ್ಟ ವರ್ಗದ ಬಿಡುಗಡೆ ಪ್ರಸ್ತಾಪವಾಗಿದ್ದರೆ, ನಿಮಗೆ ವಿಚಾರಣಾ ಮಂಡಳಿಯ ಮುಂದೆ ಹಾಜರಾಗುವ ಹಕ್ಕಿದೆ. ಕನಿಷ್ಠ ಮೂವರು ಸದಸ್ಯರಿರುವ ಆ ಮಂಡಳಿಯ ಮುಂದೆ ಸಾಕ್ಷಿಗಳನ್ನು ಕರೆಸಬಹುದು, ತುಕಡಿಯ ಸಾಕ್ಷಿಗಳನ್ನು ಪ್ರಶ್ನಿಸಬಹುದು, ಮತ್ತು ಟ್ರಯಲ್ ಡಿಫೆನ್ಸ್ ಸರ್ವಿಸ್‌ನ ಸೇನಾ ವಕೀಲರ ಸಹಾಯವನ್ನು ಹಣ ತೆರದೆ ಪಡೆಯಬಹುದು. ಮಂಡಳಿ ಶಿಫಾರಸು ಮಾಡಿದ್ದಕ್ಕಿಂತ ಕಠಿಣವಾದ ಆದೇಶವನ್ನು ಮೇಲಧಿಕಾರಿ ಹೊರಡಿಸುವಂತಿಲ್ಲ. ಇಷ್ಟೊಂದು ರಕ್ಷಣೆಯಿರುವ ಹಕ್ಕನ್ನು, ಬೇಗ ಮುಗಿದರೆ ಸಾಕೆಂಬ ಬೇಸರದಲ್ಲಿ ಸಹಿ ಮಾಡಿ ಬಿಟ್ಟುಕೊಡಬೇಡಿ. ಪೂರ್ಣ ಹಾನರಬಲ್ ಬಿಡುಗಡೆಗಿಂತ ಒಂದು ಮೆಟ್ಟಿಲು ಕೆಳಗಿನದಾದ ಜನರಲ್ ವರ್ಗಕ್ಕಿಂತ ಕೆಳಗಿಳಿಸುವುದಿಲ್ಲ ಎಂಬ ಷರತ್ತಿನ ಮೇಲೆ ಮಂಡಳಿಯ ಹಕ್ಕನ್ನು ಬಿಟ್ಟುಕೊಡುವ ದಾರಿಯೊಂದಿದೆ. ಕೆಲವರಿಗೆ ಅದು ಸರಿಯಾದ ಆಯ್ಕೆಯೂ ಹೌದು. ಆದರೆ ಅದನ್ನು ವಕೀಲರೊಂದಿಗೆ ಮಾತನಾಡಿದ ಮೇಲೆ, ಷರತ್ತನ್ನು ಲಿಖಿತವಾಗಿ ನಮೂದಿಸಿಯೇ ಮಾಡಬೇಕು.

ಬಿಡುಗಡೆಯ ಬದಲು ಇಂಡಿವಿಜುಯಲ್ ರೆಡಿ ರಿಸರ್ವ್‌ಗೆ ವರ್ಗಾಯಿಸಿ ಎಂಬ ಕೋರಿಕೆಯನ್ನೂ ಈ ಹಂತದಲ್ಲಿಯೇ ಮುಂದಿಡಿ. ಅಲ್ಲಿ ತಿಂಗಳ ಡ್ರಿಲ್ ಇರುವುದಿಲ್ಲ, ಸೇವಾ ಒಪ್ಪಂದದ ಉಳಿದ ಅವಧಿ ಮುಗಿಯುತ್ತದೆ, ಸೈನಿಕನ ದಾಖಲೆಗೂ ಕಳಂಕ ತಟ್ಟುವುದಿಲ್ಲ. ಹಿಂದಿನ ಸೇವೆ ಚೆನ್ನಾಗಿದ್ದು, ಮನೆಯ ತೊಂದರೆಯಿಂದ ಮಾತ್ರ ಡ್ರಿಲ್ ತಪ್ಪಿಸಿದವರ ವಿಷಯದಲ್ಲಿ ಇದು ನ್ಯಾಯವಾದ ಪರಿಹಾರವೆಂದು ನಾನು ನಂಬುತ್ತೇನೆ.

ಹಿಂಬಡ್ತಿಯನ್ನು ಬಿಡುಗಡೆಯಿಂದ ಬೇರ್ಪಡಿಸಿ ನೋಡಿ

ದರ್ಜೆ ಇಳಿದದ್ದು ಹೇಗೆ ಎಂಬುದನ್ನು ಆದೇಶದ ಭಾಷೆಯಿಂದಲೇ ಪತ್ತೆ ಹಚ್ಚಬೇಕು, ಏಕೆಂದರೆ ಮೇಲ್ಮನವಿಯ ಬಾಗಿಲು ಅದರ ಮೇಲೆ ನಿಂತಿದೆ. ಆರ್ಮಿಯಲ್ಲಿ ಅದರ್ ದ್ಯಾನ್ ಹಾನರಬಲ್ ಬಿಡುಗಡೆಯಾದರೆ ಸೈನಿಕನನ್ನು ಅತ್ಯಂತ ಕೆಳಗಿನ ದರ್ಜೆಯಾದ ಪ್ರೈವೇಟ್‌ಗೆ, ಅಂದರೆ ಇ-1ಕ್ಕೆ, ಇಳಿಸಲಾಗುತ್ತದೆ. ಇಂತಹ ಸಂದರ್ಭದಲ್ಲಿ ಹಿಂಬಡ್ತಿ ಎಂಬುದು ಬಿಡುಗಡೆಯ ನೆರಳು. ಬಿಡುಗಡೆಯ ವರ್ಗ ಮೇಲೇರಿದರೆ ಆ ಇಳಿಕೆಗೆ ಆಧಾರವೇ ಉಳಿಯುವುದಿಲ್ಲ, ಆದ್ದರಿಂದ ಹಳೆಯ ದರ್ಜೆಯನ್ನು ಮರಳಿಸಬೇಕೆಂದು ಅದೇ ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಬೇಕು.

ಬಿಡುಗಡೆಗಿಂತ ಮೊದಲೇ ಪ್ರತ್ಯೇಕ ಆದೇಶದಿಂದ ದರ್ಜೆ ಇಳಿಸಿದ್ದರೆ ಅದರ ವಿರುದ್ಧ ಪ್ರತ್ಯೇಕವಾಗಿಯೇ ಮೇಲ್ಮನವಿ ಹೋಗಬೇಕು. ಸಾಮಾನ್ಯವಾಗಿ ಹಿಂಬಡ್ತಿಯಾದ ದಿನದಿಂದ 30 ದಿನಗಳೊಳಗೆ, ಇಳಿಸಿದ ಅಧಿಕಾರಿಯ ಮೇಲಿನವರಿಗೆ ಅದನ್ನು ಸಲ್ಲಿಸಬೇಕಾಗುತ್ತದೆ. ಇಲ್ಲಿ ನೋಡಬೇಕಾದ ಅಂಶಗಳು ಕೆಲವೇ: ಆದೇಶಕ್ಕೆ ಸಹಿ ಹಾಕಿದವರಿಗೆ ನಿಮ್ಮ ದರ್ಜೆಯವರನ್ನು ಇಳಿಸುವ ಅಧಿಕಾರವಿತ್ತೇ, ಸಾರ್ಜೆಂಟ್ ಅಥವಾ ಅದಕ್ಕೂ ಮೇಲಿನವರಾಗಿದ್ದರೆ ನಿಯಮ ಬಯಸುವ ಹಿಂಬಡ್ತಿ ಮಂಡಳಿ ಕೂಡಿತ್ತೇ, ಉತ್ತರಿಸಲು ಅವಕಾಶ ಕೊಟ್ಟಿದ್ದರೇ. ಉದಾಹರಣೆಗೆ, ಕಂಪನಿ ಕಮಾಂಡರ್ ಸ್ಪೆಷಲಿಸ್ಟ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರನ್ನು ಇಳಿಸಬಲ್ಲರೇ ಹೊರತು ಸ್ಟಾಫ್ ಸಾರ್ಜೆಂಟ್‌ರನ್ನು ತಾವೇ ಇಳಿಸಲಾರರು. ಆ 30 ದಿನ ಕಳೆದುಹೋಗಿದ್ದರೆ ಉಳಿಯುವುದು ಮುಂದೆ ಹೇಳಲಿರುವ ದಾಖಲೆ ತಿದ್ದುಪಡಿ ಮಂಡಳಿ.

ಬಿಡುಗಡೆಯಾದ ಮೇಲೆ: ಎರಡು ಮಂಡಳಿಗಳು

ಮೊದಲು ಹೋಗಬೇಕಾದದ್ದು ಡಿಸ್ಚಾರ್ಜ್ ರಿವ್ಯೂ ಬೋರ್ಡ್‌ಗೆ. ಡಿಡಿ ಫಾರ್ಮ್ 293 ತುಂಬಿ, ಬಿಡುಗಡೆಯಾದ ದಿನದಿಂದ 15 ವರ್ಷಗಳೊಳಗೆ ಸಲ್ಲಿಸಬಹುದು. ಬಿಡುಗಡೆಯ ವರ್ಗವನ್ನೂ ಅದರ ಕಾರಣವನ್ನೂ ಬದಲಿಸುವ ಅಧಿಕಾರ ಈ ಮಂಡಳಿಗಿದೆ. ನಿಮ್ಮನ್ನು ಮತ್ತೆ ಸೇವೆಗೆ ಸೇರಿಸುವ ಅಧಿಕಾರವಿಲ್ಲ. ಅದು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ. ಬಿಡುಗಡೆ ನಿಯಮಬದ್ಧವಾಗಿತ್ತೇ ಎಂಬುದು ಮೊದಲನೆಯದು, ನ್ಯಾಯೋಚಿತವಾಗಿತ್ತೇ ಎಂಬುದು ಎರಡನೆಯದು. ಅರ್ಜಿಯಲ್ಲಿಯೂ ಈ ಎರಡನ್ನು ಬೇರೆ ಬೇರೆ ಶೀರ್ಷಿಕೆಗಳಡಿ ಬರೆಯಿರಿ. ತಪ್ಪು ಲೆಕ್ಕ, ತಲುಪದ ನೋಟಿಸ್, ನಿರಾಕರಿಸಿದ ವಿಚಾರಣೆ ಇವು ಮೊದಲನೆಯದಕ್ಕೆ ಸೇರುತ್ತವೆ. ಹಿಂದಿನ ಉತ್ತಮ ಸೇವೆ, ಪದಕಗಳು, ಕುಟುಂಬದ ಸಂಕಷ್ಟ, ಆ ನಂತರದ ಸನ್ನಡತೆ ಎರಡನೆಯದಕ್ಕೆ. ಸರ್ಕಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಎಂಬ ಊಹೆಯಿಂದ ಮಂಡಳಿ ಆರಂಭಿಸುತ್ತದೆ, ಆ ಊಹೆಯನ್ನು ಸಾಕ್ಷ್ಯದಿಂದ ಮುರಿಯುವ ಹೊಣೆ ಅರ್ಜಿದಾರರದು.

ದಾಖಲೆಗಳ ಮೇಲೆ ಮಾತ್ರ ಪರಿಶೀಲನೆ ಕೇಳಬಹುದು, ಅಥವಾ ಖುದ್ದು ಹಾಜರಾಗುವ ವಿಚಾರಣೆ ಕೇಳಬಹುದು. ಮೊದಲು ದಾಖಲೆ ಪರಿಶೀಲನೆಗೆ ಹೋಗಿ ಸೋತವರು ನಂತರ ಖುದ್ದು ವಿಚಾರಣೆ ಕೋರಲು ಸಾಧ್ಯ, ಆದರೆ ವಿಚಾರಣೆಯಲ್ಲಿ ಸೋತವರು ದಾಖಲೆ ಪರಿಶೀಲನೆಗೆ ಹಿಂದಿರುಗಲಾಗದು. ಹೀಗಾಗಿ ಈ ಕ್ರಮವನ್ನು ಪಾಲಿಸಿದವರಿಗೆ ಒಂದೇ ಮಂಡಳಿಯಲ್ಲಿ ಎರಡು ಅವಕಾಶ ಸಿಗುತ್ತದೆ. ಹಿಂದಿನ ತೀರ್ಪುಗಳನ್ನು ಹೆಸರು ಮರೆಮಾಡಿ ಸಾರ್ವಜನಿಕ ಓದಿಗೆ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ನಿಮ್ಮಂತಹುದೇ ಪ್ರಕರಣಗಳಲ್ಲಿ ಮಂಡಳಿ ಏನನ್ನು ಒಪ್ಪಿತು, ಏನನ್ನು ತಳ್ಳಿಹಾಕಿತು ಎಂದು ಒಂದೆರಡು ಸಂಜೆ ಕುಳಿತು ಓದಿದರೆ ಅರ್ಜಿಯ ಧಾಟಿ ತಾನಾಗಿಯೇ ತಿಳಿಯುತ್ತದೆ.

ಡ್ರಿಲ್ ತಪ್ಪಿದ್ದಕ್ಕೆ ಖಿನ್ನತೆ, ಯುದ್ಧಾನಂತರದ ಮಾನಸಿಕ ಆಘಾತ, ತಲೆಗೆ ಬಿದ್ದ ಪೆಟ್ಟು ಅಥವಾ ಸೇವೆಯಲ್ಲಿ ನಡೆದ ಲೈಂಗಿಕ ದೌರ್ಜನ್ಯ ಕಾರಣವಾಗಿದ್ದರೆ ಅದನ್ನು ಮುಚ್ಚಿಡಬೇಡಿ. ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ 2014ರ ಹೇಗಲ್ ಸೂಚನೆ ಮತ್ತು 2017ರ ಆಗಸ್ಟ್ 25ರ ಕರ್ಟಾ ಸೂಚನೆಗಳ ಪ್ರಕಾರ ಇಂತಹ ಅರ್ಜಿಗಳನ್ನು ಮಂಡಳಿಗಳು ಉದಾರ ದೃಷ್ಟಿಯಿಂದ ಪರಿಗಣಿಸಬೇಕು. ಆ ಕಾಲದಲ್ಲಿ ವೈದ್ಯರ ಬಳಿ ಹೋಗಿರದಿದ್ದರೂ, ಹೆಂಡತಿ, ಗೆಳೆಯ ಅಥವಾ ಸಹಸೈನಿಕರು ತಾವು ಕಂಡದ್ದನ್ನು ಬರೆದುಕೊಟ್ಟ ಪತ್ರಗಳೂ ಸಾಕ್ಷ್ಯವಾಗುತ್ತವೆ. ನಮ್ಮ ಮನೆಗಳಲ್ಲಿ ಮನಸ್ಸಿನ ಕಾಯಿಲೆಯನ್ನು ಹೇಳಿಕೊಳ್ಳಲು ಇಂದಿಗೂ ಸಂಕೋಚವಿದೆ. ಈ ಅರ್ಜಿಯಲ್ಲಿ ಆ ಸಂಕೋಚಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಎರಡನೆಯದು ದಾಖಲೆ ತಿದ್ದುಪಡಿ ಮಂಡಳಿ, ಆರ್ಮಿಯಲ್ಲಿ ಬೋರ್ಡ್ ಫಾರ್ ಕರೆಕ್ಷನ್ ಆಫ್ ಮಿಲಿಟರಿ ರೆಕಾರ್ಡ್ಸ್. ಇದಕ್ಕೆ ಡಿಡಿ ಫಾರ್ಮ್ 149 ಬೇಕು. ತಪ್ಪು ಅಥವಾ ಅನ್ಯಾಯ ನಿಮ್ಮ ಗಮನಕ್ಕೆ ಬಂದ ದಿನದಿಂದ ಮೂರು ವರ್ಷಗಳ ಗಡುವಿದ್ದು, ನ್ಯಾಯದ ಹಿತಕ್ಕಾಗಿ ಮಂಡಳಿ ಅದನ್ನು ಮನ್ನಿಸಬಹುದು. ಬಿಡುಗಡೆಯ ಆದೇಶ ಹಳೆಯ ವಿಳಾಸಕ್ಕೆ ಹೋಗಿ, ವರ್ಷಗಳ ನಂತರ ಬೇರೆ ಯಾವುದೋ ಕೆಲಸಕ್ಕೆ ದಾಖಲೆ ತರಿಸಿದಾಗ ಮಾತ್ರ ವಿಷಯ ತಿಳಿದಿದ್ದರೆ, ತಿಳಿದ ದಿನಾಂಕವನ್ನು ಪುರಾವೆ ಸಮೇತ ನಮೂದಿಸಿ. ಈ ಮಂಡಳಿಯ ಅಧಿಕಾರ ವಿಶಾಲವಾದದ್ದು: ದರ್ಜೆಯನ್ನು ಮರಳಿಸಬಹುದು, ಬಿಡುಗಡೆಯನ್ನೇ ರದ್ದುಪಡಿಸಿ ಇಂಡಿವಿಜುಯಲ್ ರೆಡಿ ರಿಸರ್ವ್‌ಗೆ ವರ್ಗಾವಣೆಯಾಗಿತ್ತೆಂದು ದಾಖಲೆ ತಿದ್ದಿಸಬಹುದು. ಆದರೆ ಮೊದಲ ಮಂಡಳಿಯಿಂದ ಸಿಗಬಹುದಾದ ಪರಿಹಾರವನ್ನು ಅಲ್ಲಿ ಕೇಳದೆ ನೇರವಾಗಿ ಇಲ್ಲಿಗೆ ಬಂದರೆ ಅರ್ಜಿ ಹಿಂದಿರುಗುತ್ತದೆ.

ನ್ಯಾಷನಲ್ ಗಾರ್ಡ್‌ನವರು ಇಲ್ಲಿ ಎಚ್ಚರ ವಹಿಸಬೇಕು. ಗಾರ್ಡ್ ಎಂಬುದು ಆಯಾ ರಾಜ್ಯದ ಪಡೆಯೂ ಆಗಿರುವುದರಿಂದ, ಬಿಡುಗಡೆಯ ದಾಖಲೆ ಎನ್‌ಜಿಬಿ ಫಾರ್ಮ್ 22 ರೂಪದಲ್ಲಿ ಬರುತ್ತದೆ, ಮತ್ತು ರಾಜ್ಯದ ಗಾರ್ಡ್‌ನ ಮುಖ್ಯಸ್ಥರಾದ ಅಡ್ಜುಟಂಟ್ ಜನರಲ್ ಕಚೇರಿಗೆ ಮೊದಲು ಮನವಿ ಹೋಗಬೇಕಾಗಬಹುದು. ಕೇಂದ್ರದ ತಿದ್ದುಪಡಿ ಮಂಡಳಿ ರಾಜ್ಯದ ದಾಖಲೆಯನ್ನು ತಾನೇ ತಿದ್ದಲಾರದು, ಶಿಫಾರಸು ಮಾಡಬಲ್ಲದು.

ಊರಿನ ಕಾಗದಗಳನ್ನು ಸೇರಿಸುವುದು

ಕರ್ನಾಟಕದಲ್ಲಿದ್ದಾಗ ಡ್ರಿಲ್ ತಪ್ಪಿದ್ದರೆ ಪ್ರಯಾಣ ಮತ್ತು ಕಾರಣ ಎರಡನ್ನೂ ಸಾಬೀತುಪಡಿಸಬೇಕು. ವಿಮಾನದ ಟಿಕೆಟ್ ಮತ್ತು ಪಾಸ್‌ಪೋರ್ಟ್‌ನ ಮುದ್ರೆಗಳಿರುವ ಪುಟಗಳು ಮೊದಲನೆಯದಕ್ಕೆ ಸಾಕು. ಕಾರಣಕ್ಕಾಗಿ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ತನ್ನಿ. ಅದರಲ್ಲಿ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳು ತಪ್ಪಿದ ಡ್ರಿಲ್‌ಗಳ ದಿನಾಂಕಗಳಿಗೆ ಹೊಂದುವುದನ್ನು ಗೆರೆ ಎಳೆದು ತೋರಿಸಿ. ಮರಣ ಸಂಭವಿಸಿದ್ದರೆ ಇ-ಜನ್ಮ ವ್ಯವಸ್ಥೆಯಡಿ ನೀಡುವ ಮರಣ ಪ್ರಮಾಣಪತ್ರ ಬೇಕು. ಕನ್ನಡದಲ್ಲಿ ಮಾತ್ರ ಇರುವ ಕಾಗದಗಳಿಗೆ ಇಂಗ್ಲಿಷ್ ಅನುವಾದವನ್ನೂ, ಅನುವಾದ ಪೂರ್ಣ ಮತ್ತು ಸರಿಯಾಗಿದೆ ಎಂಬ ಅನುವಾದಕರ ಸಹಿಯಿರುವ ಹೇಳಿಕೆಯನ್ನೂ ಲಗತ್ತಿಸಿ. ಆಸ್ಪತ್ರೆಯ ದಾಖಲೆಯಲ್ಲಿ ತಂದೆಯ ಹೆಸರು ಇನಿಷಿಯಲ್‌ಗಳೊಂದಿಗೆ ಒಂದು ಬಗೆಯಾಗಿ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಬಗೆಯಾಗಿ ಇರುವುದು ನಮ್ಮಲ್ಲಿ ಸಾಮಾನ್ಯ. ಎರಡೂ ಒಬ್ಬರದೇ ಹೆಸರು ಎಂದು ಒಂದು ಚಿಕ್ಕ ಪ್ರಮಾಣಪೂರ್ವಕ ಹೇಳಿಕೆ ಬರೆದು ಸೇರಿಸಿದರೆ, ಮಂಡಳಿಯ ಕಚೇರಿಯಿರುವ ಆರ್ಲಿಂಗ್ಟನ್‌ನಲ್ಲಿ ಕುಳಿತು ಕಡತ ಓದುವವರಿಗೆ ಗೊಂದಲವಾಗುವುದಿಲ್ಲ.

ಸಾರ್ಜೆಂಟ್ ಜೊತೆಗಿನ ವಾಟ್ಸ್ಆ್ಯಪ್ ಸಂದೇಶಗಳನ್ನು ದಿನಾಂಕ, ಸಮಯ ಮತ್ತು ಹೆಸರು ಕಾಣುವಂತೆ ಪೂರ್ತಿಯಾಗಿ ಮುದ್ರಿಸಿ. ಬೇಕಾದ ಸಾಲುಗಳನ್ನಷ್ಟೇ ಕತ್ತರಿಸಿ ಅಂಟಿಸಿದರೆ ಅನುಮಾನ ಹುಟ್ಟುತ್ತದೆ. ಫೋನಿನಲ್ಲಿ ಬಾಯಿಮಾತಿನ ಅನುಮತಿ ಸಿಕ್ಕಿದ್ದರೆ, ಅದನ್ನು ಕೊಟ್ಟವರಿಂದಲೇ ನಾಲ್ಕು ಸಾಲಿನ ಪತ್ರ ಕೇಳಿ. ಅವರು ಈಗ ಸೇವೆಯಲ್ಲಿಲ್ಲದಿದ್ದರೂ ಆ ಪತ್ರಕ್ಕೆ ಬೆಲೆಯಿದೆ. ಸೇವಾ ಕಡತಕ್ಕಾಗಿ ಎಸ್‌ಎಫ್-180 ನಮೂನೆಯಲ್ಲಿ ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸನಲ್ ರೆಕಾರ್ಡ್ಸ್ ಸೆಂಟರ್‌ಗೆ ಬರೆಯಬೇಕು, ಮತ್ತು ಬಿಡುಗಡೆ ಪ್ರಕ್ರಿಯೆಯ ಸಂಪೂರ್ಣ ಕಡತ ಬೇಕೆಂದು ಅದರಲ್ಲಿ ಹೆಸರಿಸಿ ಕೇಳಬೇಕು.

ಪೌರತ್ವದ ಪ್ರಶ್ನೆ

ವಲಸೆ ಬಂದವರಿಗೆ ಈ ಮೇಲ್ಮನವಿ ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ. ಸೇನಾ ಸೇವೆಯ ಆಧಾರದ ಮೇಲೆ 2003ರ ನವೆಂಬರ್ 24ರಂದು ಅಥವಾ ಆ ನಂತರ ಅಮೆರಿಕದ ಪೌರತ್ವ ಪಡೆದವರು, ಒಟ್ಟು ಐದು ವರ್ಷಗಳ ಗೌರವಯುತ ಸೇವೆ ಮುಗಿಸುವ ಮೊದಲೇ ಅದರ್ ದ್ಯಾನ್ ಹಾನರಬಲ್ ವರ್ಗದಲ್ಲಿ ಬಿಡುಗಡೆಯಾದರೆ, ಅವರ ಪೌರತ್ವವನ್ನೇ ರದ್ದುಪಡಿಸಲು ಕಾನೂನು ಅವಕಾಶ ಕೊಡುತ್ತದೆ. ಭಾರತದ ಪೌರತ್ವವನ್ನು ಬಿಟ್ಟುಕೊಟ್ಟವರ ಪಾಲಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಜನರಲ್ ವರ್ಗದ ಬಿಡುಗಡೆ ಗೌರವಯುತ ಷರತ್ತುಗಳಡಿಯದೇ ಆಗಿರುವುದರಿಂದ ಅದಕ್ಕೆ ಈ ಅಪಾಯವಿಲ್ಲ, ಆದರೆ ಪೋಸ್ಟ್-9/11 ಜಿಐ ಬಿಲ್‌ನ ಶಿಕ್ಷಣ ನೆರವಿಗೆ ಪೂರ್ಣ ಹಾನರಬಲ್ ಬಿಡುಗಡೆಯೇ ಬೇಕು. ಆದ್ದರಿಂದ ಐದು ವರ್ಷ ತುಂಬಿರದವರು ಸೇನಾ ಕಾನೂನು ಬಲ್ಲ ವಕೀಲರ ಜೊತೆಗೆ ವಲಸೆ ಕಾನೂನು ಬಲ್ಲವರನ್ನೂ ಆರಂಭದಲ್ಲಿಯೇ ಕಾಣಬೇಕು. ಹಣದ ತೊಂದರೆಯಿದ್ದರೆ ಅಮೆರಿಕನ್ ಲೀಜನ್, ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್‌ನಂತಹ ಮಾಜಿ ಸೈನಿಕರ ಸಂಘಗಳೂ ಕಾನೂನು ಕಾಲೇಜುಗಳ ಕ್ಲಿನಿಕ್‌ಗಳೂ ಅರ್ಜಿ ತಯಾರಿಗೆ ನೆರವಾಗುತ್ತವೆ.

ತೀರ್ಪಿನ ನಂತರ

ತಿದ್ದುಪಡಿ ಮಂಡಳಿಗಳು ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತು ತಿಂಗಳಲ್ಲಿ ಮುಗಿಸಬೇಕೆಂದು ಕಾನೂನು ಹೇಳುತ್ತದೆಯಾದರೂ, ಅದಕ್ಕಿಂತ ಹೆಚ್ಚು ಕಾಯುವ ಸಿದ್ಧತೆ ಇರಲಿ. ಸೋತರೆ ಹೊಸ ಸಾಕ್ಷ್ಯದೊಂದಿಗೆ ಮರುಪರಿಶೀಲನೆ ಕೇಳಬಹುದು. ಮೊದಲು ಸಲ್ಲಿಸದ ದಾಖಲೆ ಅದರಲ್ಲಿ ಇರಲೇಬೇಕು, ಹಳೆಯ ವಾದವನ್ನೇ ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. 2019ರ ಡಿಸೆಂಬರ್ 20ರಂದು ಅಥವಾ ಆ ನಂತರ ಬಿಡುಗಡೆಯಾದವರು, ಎರಡೂ ಮಂಡಳಿಗಳನ್ನು ಮುಗಿಸಿದ ಮೇಲೆ ಬಿಡುಗಡೆಯ ವರ್ಗದ ಬಗ್ಗೆ ಡಿಸ್ಚಾರ್ಜ್ ಅಪೀಲ್ ರಿವ್ಯೂ ಬೋರ್ಡ್‌ಗೂ ಹೋಗಬಹುದು. ಫೆಡರಲ್ ನ್ಯಾಯಾಲಯ ಕೊನೆಯ ಮೆಟ್ಟಿಲು. ಅಲ್ಲಿ ಮಂಡಳಿಯ ತೀರ್ಪು ಸಾಕ್ಷ್ಯವನ್ನು ಕಡೆಗಣಿಸಿದ ಮನಸೋಇಚ್ಛೆಯ ತೀರ್ಪೇ ಎಂಬುದನ್ನಷ್ಟೇ ನೋಡುತ್ತಾರೆ. ಮಾಡದ ಡ್ರಿಲ್‌ಗಳ ವೇತನ ಸಿಗುತ್ತದೆಂಬ ಆಸೆಯಿಂದ ನ್ಯಾಯಾಲಯಕ್ಕೆ ಹೋಗಬೇಡಿ, ಮೀಸಲು ಸೈನಿಕರಿಗೆ ಹಾಜರಾದ ಡ್ರಿಲ್‌ಗೆ ಮಾತ್ರ ವೇತನ ಎಂಬ ನಿಲುವನ್ನು ನ್ಯಾಯಾಲಯಗಳು ಎತ್ತಿಹಿಡಿದಿವೆ.

ಗೆದ್ದರೆ ತೀರ್ಪಿನ ಪ್ರತಿಯೊಂದಿಗೆ ತೃಪ್ತರಾಗದೆ, ತಿದ್ದಿದ ಬಿಡುಗಡೆ ಆದೇಶ ಮತ್ತು ದರ್ಜೆ ಮರಳಿಸಿದ ಆದೇಶ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ಪಡೆಯಿರಿ. ಅವುಗಳಲ್ಲಿನ ಹೆಸರು, ದಿನಾಂಕ ಮತ್ತು ಕಾರಣದ ಅಂಕಣಗಳನ್ನು ಪರೀಕ್ಷಿಸಿ, ತಪ್ಪಿದ್ದರೆ ಕೂಡಲೇ ಬರೆಯಿರಿ. ನಂತರ ಒಂದು ಪ್ರತಿಯನ್ನು ವೆಟರನ್ಸ್ ಅಫೇರ್ಸ್ ಇಲಾಖೆಗೆ, ಪೌರತ್ವದ ಪ್ರಕರಣ ನಡೆಯುತ್ತಿದ್ದರೆ ಇನ್ನೊಂದನ್ನು ವಲಸೆ ವಕೀಲರಿಗೆ, ಸ್ವೀಕೃತಿ ಪಡೆದು ಕಳುಹಿಸಿ.